ನಿಧಾನಿ ಪಿಯರ್ ಕ್ಯೂರಿ

ಪಿಯರ್ ಕ್ಯೂರಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ರೇಡಿಯಂ ಮತ್ತು ಮೇರಿ ಕ್ಯೂರಿ. ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನಗೆ ರೇಡಿಯಂಗಿಂತ ಹಿಂದಿನ ಅವರ ಬದುಕೇ ಹೆಚ್ಚು ಮುಖ್ಯವೆನಿಸುತ್ತದೆ. ಅಲ್ಲಿ ಅವರು ಶಾಲೆ ಕಾಣದ ಬಾಲಕ, ಆಮೇಲೆ ಪ್ರಯೋಗಾಲಯದ ಸಹಾಯಕ, ಕೊನೆಗೆ ಒಬ್ಬ ಶಿಕ್ಷಕ.

ಅವರು ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್‌ನಲ್ಲಿ. ತಂದೆ ವೈದ್ಯರು. ಹುಡುಗ ಒಂದು ವಿಷಯ ಹಿಡಿದರೆ ಅದರಲ್ಲೇ ಮುಳುಗುತ್ತಿದ್ದ. ಗಂಟೆ ಬಾರಿಸಿದೊಡನೆ ಮತ್ತೊಂದಕ್ಕೆ ಹೊರಳುವುದು ಅವನಿಂದ ಆಗುತ್ತಿರಲಿಲ್ಲ. ಇದನ್ನರಿತ ಹೆತ್ತವರು ಅವನನ್ನು ಶಾಲೆಗೆ ಕಳಿಸಲೇ ಇಲ್ಲ. ತಂದೆ, ತಾಯಿ, ಅಣ್ಣ ಝಾಕ್ ಮನೆಯಲ್ಲೇ ಕಲಿಸಿದರು. 14ನೇ ವಯಸ್ಸಿಗೆ ಗಣಿತದ ಒಳ್ಳೆಯ ಗುರು ಸಿಕ್ಕಿದರು. 16ಕ್ಕೆ ವಿಶ್ವವಿದ್ಯಾಲಯ ಪ್ರವೇಶದ ಅರ್ಹತೆ, 18ಕ್ಕೆ ಪದವಿ ಬಂತು. ಮುಂದೆ ಓದಲು ಹಣವಿರಲಿಲ್ಲವಾಗಿ ಸೋರ್ಬಾನ್‌ನಲ್ಲಿ ಪ್ರಯೋಗಾಲಯ ಸಹಾಯಕರಾದರು.

1880ರಲ್ಲಿ ಅಣ್ಣತಮ್ಮಂದಿರು ಸ್ಫಟಿಕಗಳನ್ನು ಒತ್ತಿ ನೋಡಿದರು. ಕ್ವಾರ್ಟ್ಸ್, ಟೂರ್ಮಲೀನ್, ರೋಶೆಲ್ ಲವಣ ಮುಂತಾದವುಗಳ ಮೇಲೆ ಒತ್ತಡ ಬಿದ್ದಾಗ ಎರಡು ಬದಿಗಳಲ್ಲಿ ವಿದ್ಯುದಾವೇಶ ಕಾಣಿಸಿಕೊಂಡಿತು. ಇದೇ ಪೀಜೋ ವಿದ್ಯುತ್. ಯಾವ ಸ್ಫಟಿಕ, ಯಾವ ದಿಕ್ಕಿನಲ್ಲಿ ಒತ್ತಬೇಕು ಎಂಬುದನ್ನು ಅವರು ಸ್ಫಟಿಕದ ಆಕಾರದಿಂದಲೇ ತರ್ಕಿಸಿದ್ದರು. ಹಾಗಾಗಿ ಇದು ಕೇವಲ ಅದೃಷ್ಟವಲ್ಲ. ವಿದ್ಯುತ್ ಕೊಟ್ಟರೆ ಸ್ಫಟಿಕ ಹಿಗ್ಗಿ ಕುಗ್ಗಬೇಕು ಎಂದು ಮರುವರ್ಷ ಲಿಪ್‌ಮನ್ ಲೆಕ್ಕದಿಂದ ಹೇಳಿದರು. ಸೋದರರು ಅದನ್ನೂ ಪ್ರಯೋಗದಿಂದ ತೋರಿಸಿದರು.

1882ರಲ್ಲಿ ಪಿಯರ್, ಪ್ಯಾರಿಸ್ ನಗರಾಡಳಿತ ಹೊಸದಾಗಿ ತೆರೆದ ಕೈಗಾರಿಕಾ ಭೌತ ಮತ್ತು ರಸಾಯನ ಶಾಲೆ ಸೇರಿದರು. ವಿದ್ಯಾರ್ಥಿಗಳ ಪ್ರಯೋಗಗಳನ್ನು ನೋಡಿಕೊಳ್ಳುವುದು ಅವರ ಕೆಲಸ. 22 ವರ್ಷ ಅಲ್ಲೇ ಕಳೆದರು. ಸ್ವಂತದ್ದೆನ್ನುವ ಪ್ರಯೋಗಾಲಯವಿರಲಿಲ್ಲ, ಮೆಟ್ಟಿಲಿನ ಪಕ್ಕದ ಇಕ್ಕಟ್ಟಾದ ಓಣಿಯೇ ಎಷ್ಟೋ ಸಲ ಅವರ ಕೆಲಸದ ಜಾಗ. ಅವರ ಶಿಷ್ಯ ಪಾಲ್ ಲಾಂಜ್‌ವಾನ್ ಮೊದಲ ಮಹಾಯುದ್ಧದ ಕಾಲದಲ್ಲಿ ಗುರುವಿನ ಕ್ವಾರ್ಟ್ಸನ್ನೇ ಬಳಸಿ ನೀರೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ದಾರಿ ತೋರಿದರು.

1894ರಲ್ಲಿ ಪಿಯರ್ ಸಮ್ಮಿತಿಯ ತತ್ವವನ್ನು ಪ್ರಕಟಿಸಿದರು: ಪರಿಣಾಮದಲ್ಲಿ ಕಾಣುವ ಅಸಮ್ಮಿತಿ ಕಾರಣದಲ್ಲಿಯೂ ಇರಬೇಕು. ಮರುವರ್ಷ, 35ರ ವಯಸ್ಸಿನಲ್ಲಿ, ಕಾಂತತ್ವದ ಮೇಲೆ ಡಾಕ್ಟರೇಟ್ ಪಡೆದರು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಪ್ರಬಲ ಕಾಂತತ್ವ ಕಳೆದುಕೊಳ್ಳುತ್ತದೆ. ಅಂಥ ಉಷ್ಣತೆಗೆ ಇಂದು ಕ್ಯೂರಿ ಉಷ್ಣತೆ ಎನ್ನುತ್ತೇವೆ. ಅದೇ ವರ್ಷ ಮೇರಿಯವರೊಡನೆ ಮದುವೆ. ಮುಂದೆ ಪೊಲೋನಿಯಂ, ರೇಡಿಯಂ ಹುಡುಕಾಟದಲ್ಲಿ ಅತಿ ಸಣ್ಣ ವಿದ್ಯುತ್ತನ್ನು ಅಳೆದದ್ದು ಸೋದರರು ರೂಪಿಸಿದ್ದ ಕ್ವಾರ್ಟ್ಸ್ ಉಪಕರಣವೇ. 1903ರಲ್ಲಿ ನೊಬೆಲ್ ಬಂತು. 1906ರ ಏಪ್ರಿಲ್ 19ರಂದು ಪ್ಯಾರಿಸ್‌ನ ಬೀದಿಯಲ್ಲಿ ಕುದುರೆಗಾಡಿಯ ಕೆಳಗೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ 46.

ಅವರ ಹೆಸರು ಮುಂದೆ ಫೆರೋಎಲೆಕ್ಟ್ರಿಕ್ ವಸ್ತುಗಳಿಗೂ ಅಂಟಿಕೊಂಡಿತು. ಬೇರಿಯಂ ಟೈಟನೇಟ್ ಎಂಬ ಆಕ್ಸೈಡಿನಲ್ಲಿ ಟೈಟೇನಿಯಂ ಅಯಾನು ನಡುವಿನಿಂದ ತುಸು ಸರಿದಿರುತ್ತದೆ. ಆದ್ದರಿಂದ ಸ್ಫಟಿಕದ ಒಂದು ಬದಿ ಧನ, ಇನ್ನೊಂದು ಬದಿ ಋಣ. ಸುಮಾರು 120 ಡಿಗ್ರಿ ದಾಟಿದರೆ ಈ ಗುಣ ಮಾಯ. ಇದೂ ಕ್ಯೂರಿ ಉಷ್ಣತೆಯೇ. ಇಂಥ ಅಯಾನುಗಳ ಓಲಾಟ ನಡೆಯುವುದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಆಸುಪಾಸಿನಲ್ಲಿ. ಅದಕ್ಕಿಂತಲೂ ಕಿರಿದಾದ ಲೇಸರ್ ಮಿಂಚಿನಿಂದ ವಿಜ್ಞಾನಿಗಳು ಇಂದು ಅದನ್ನು ಕೆಣಕಿ ನೋಡುತ್ತಿದ್ದಾರೆ. ಆ ಅತಿವೇಗದ ಲೋಕವನ್ನು ಅರ್ಥಮಾಡಿಕೊಳ್ಳಲು ಅವರಿಗೆ ಈಗಲೂ ಬೇಕಾಗುವುದು ನಿಧಾನಿಯೊಬ್ಬ ಕಂಡುಕೊಂಡ ಸಮ್ಮಿತಿಯ ತತ್ವ.

ಅಭ್ಯಾಸ ಬೋಧನೆಯಲ್ಲಿ 9ನೇ ತರಗತಿಗೆ ನಾನು ಗ್ಯಾಸ್ ಲೈಟರನ್ನೇ ಬೋಧನೋಪಕರಣವಾಗಿ ಒಯ್ದಿದ್ದೆ. ಸೆಲ್ ಇಲ್ಲದೆ ಕಿಡಿ ಹೇಗೆ ಬಂತು ಎಂದು ಕೇಳಿದೊಡನೆ ಮುಂದಿನ ಬೆಂಚಿನ ಕೈಗಳು ಮೇಲೆದ್ದವು. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಒತ್ತಿದರೆ ಕಿಡಿ ಬರುವುದಾದರೆ ಎಳೆದರೆ ಏನಾಗುತ್ತದೆ ಎಂದು ಕೇಳಿದಳು. ಎಳೆದರೆ ಆವೇಶ ಅದಲುಬದಲಾಗುತ್ತದೆ. ಕ್ಯೂರಿ ಸೋದರರು ಕಂಡದ್ದೂ ಅದನ್ನೇ. ಅವಳ ಪ್ರಶ್ನೆ ಹಣ್ಣಾಗಲು ಅರ್ಧ ತಾಸು ಬೇಕಾಗಿತ್ತು, ಅಷ್ಟೆ.

ನಮ್ಮ ಪಾಠ ಯೋಜನೆಯಲ್ಲಿ ಪ್ರತಿ ಹಂತಕ್ಕೂ ನಿಮಿಷ ಗೊತ್ತುಮಾಡಿರುತ್ತೇವೆ. ಮೌಲ್ಯಮಾಪನದಲ್ಲಿ ಬೇಗ ಬಂದ ಉತ್ತರವೇ ಕಣ್ಣಿಗೆ ಬೀಳುತ್ತದೆ. ಪಿಯರ್‌ಗೆ ಮನೆಯೇ ಶಾಲೆಯಾಯಿತು; ನಮ್ಮ ಮುಂದೆ ಕೂರುವ ಹೆಚ್ಚಿನ ಮಕ್ಕಳಿಗೆ ಆ ಅನುಕೂಲವಿಲ್ಲ. ಅವರಿಗೆ ಸಿಗುವ ಬಿಡುವು ತರಗತಿಯಲ್ಲೇ ಸಿಗಬೇಕು. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವುದನ್ನೂ ಪಾಠ ಯೋಜನೆಯಲ್ಲಿ ಒಂದು ಹಂತವಾಗಿ ಬರೆದುಕೊಳ್ಳೋಣವೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ.