ರಕ್ತದಲ್ಲೇ ಇದ್ದ ಕಡಿವಾಣ: ಡಾ. ಜೂಡಾ ಫೋಕ್‌ಮನ್

ಶಸ್ತ್ರಕ್ರಿಯೆ ಮಾಡಿ ಕ್ಯಾನ್ಸರ್ ಗಡ್ಡೆಯನ್ನು ತೆಗೆದ ಕೆಲವೇ ತಿಂಗಳಲ್ಲಿ ಕೆಲವು ರೋಗಿಗಳ ಶ್ವಾಸಕೋಶದಲ್ಲೋ ಯಕೃತ್ತಿನಲ್ಲೋ ಹೊಸ ಗಡ್ಡೆಗಳು ಏಳುವುದುಂಟು. ಇದನ್ನು ಹಲವು ವೈದ್ಯರು ಕಂಡಿದ್ದರು. ಅದರ ಕಾರಣವನ್ನು ಬೆನ್ನುಹತ್ತಿ ಹೋದವರು ಅಮೆರಿಕದ ಡಾ. ಜೂಡಾ ಫೋಕ್‌ಮನ್. ನಾನು ಓದಿದ ವಿಜ್ಞಾನಿಗಳ ಜೀವನಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇವರದು.

ಅವರು ಹುಟ್ಟಿದ್ದು 1933ರ ಫೆಬ್ರವರಿ 24ರಂದು, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ತಂದೆ ಯಹೂದಿ ಧರ್ಮಗುರು. ರೋಗಿಗಳಿಗಾಗಿ ಪ್ರಾರ್ಥಿಸಲು ಆಸ್ಪತ್ರೆಗೆ ಹೋಗುವಾಗ ಮಗನನ್ನೂ ಕರೆದೊಯ್ಯುತ್ತಿದ್ದರು. ರೋಗಿಯನ್ನು ಕಂಡು ಬರುವುದು ಪುಣ್ಯದ ಕೆಲಸ ಎಂದು ಮನೆಯಲ್ಲಿ ಕೇಳುತ್ತಾ ಬೆಳೆದ ನಮಗೆ ಇದು ಹೊಸದಲ್ಲ. ತಾನು ವೈದ್ಯನಾಗುತ್ತೇನೆಂದು ಹುಡುಗ ಹೇಳಿದಾಗ, ಧರ್ಮಗುರುವಿನ ಮನಸ್ಸುಳ್ಳ ವೈದ್ಯನಾಗುವಂತೆ ತಂದೆ ಹಾರೈಸಿದರು. 1957ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯಪದವಿ ಪಡೆದ ಫೋಕ್‌ಮನ್, 34ನೇ ವಯಸ್ಸಿಗೇ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರಚಿಕಿತ್ಸಕರಾದರು.

ಅದಕ್ಕೂ ಮೊದಲು, ನೌಕಾಪಡೆಯ ಪ್ರಯೋಗಾಲಯದಲ್ಲಿದ್ದಾಗ ಅವರು ಒಂದು ವಿಚಿತ್ರವನ್ನು ಗಮನಿಸಿದ್ದರು. ದೇಹದ ಹೊರಗೆ ಜೀವಂತವಾಗಿಟ್ಟ ಮೊಲದ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಕೋಶಗಳು ಗುಂಡುಸೂಜಿಯ ತಲೆಯಷ್ಟು ಬೆಳೆದು ನಿಂತುಬಿಟ್ಟವು. ಅದೇ ಕೋಶಗಳನ್ನು ಇಲಿಯ ದೇಹಕ್ಕೆ ಸೇರಿಸಿದಾಗ ಭರದಿಂದ ಬೆಳೆದವು. ಹೊಸ ರಕ್ತನಾಳಗಳು ಬಾರದೆ ಗಡ್ಡೆ ದೊಡ್ಡದಾಗದು ಎಂದು ಅವರು 1971ರಲ್ಲಿ ಬರೆದರು. ಹಲವು ವರ್ಷ ಹೆಚ್ಚಿನವರು ನಂಬಲಿಲ್ಲ, ಕೆಲವರು ನಕ್ಕರು. ಅವರು ಕೆಲಸ ಬಿಡಲಿಲ್ಲ. 1981ರಲ್ಲಿ ಮುಖ್ಯ ಶಸ್ತ್ರಚಿಕಿತ್ಸಕರ ಹುದ್ದೆಯನ್ನೇ ಬಿಟ್ಟು ಸಂಶೋಧನೆಗೆ ನಿಂತರು.

ಗಡ್ಡೆ ತೆಗೆದ ಮೇಲೆ ದೂರದ ಗಡ್ಡೆಗಳು ಬೆಳೆಯುವುದೇಕೆ? 1994ರಲ್ಲಿ ಅವರ ಪ್ರಯೋಗಾಲಯದ ಮೈಕೆಲ್ ಒ'ರೈಲಿ ಇಲಿಗಳಲ್ಲಿ ಉತ್ತರ ಕಂಡುಕೊಂಡರು. ಮೂಲ ಗಡ್ಡೆ ಇರುವಾಗ, ರಕ್ತದ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನಿನಿಂದ ಒಂದು ತುಂಡು ಬೇರ್ಪಡುತ್ತದೆ. ಅದೇ ಆಂಜಿಯೋಸ್ಟಾಟಿನ್. ಅದು ರಕ್ತದಲ್ಲಿ ಹರಿದು, ದೂರದಲ್ಲಿ ಬಿದ್ದಿರುವ ಕ್ಯಾನ್ಸರ್ ಬೀಜಗಳಿಗೆ ಹೊಸ ರಕ್ತನಾಳ ಬಾರದಂತೆ ತಡೆಯುತ್ತದೆ. ಗಡ್ಡೆ ಹೋದರೆ ಈ ಕಡಿವಾಣವೂ ಹೋಗುತ್ತದೆ. ಹಾಗೆಂದು ಶಸ್ತ್ರಕ್ರಿಯೆ ಬೇಡವೆಂದಲ್ಲ. ಆ ಕಡಿವಾಣವನ್ನು ಔಷಧವಾಗಿ ಕೊಡಬಹುದೇ ಎಂಬುದು ಅವರ ಪ್ರಶ್ನೆ. 1997ರಲ್ಲಿ ಕೊಲ್ಲಾಜೆನ್‌ನ ತುಂಡಾದ ಎಂಡೋಸ್ಟಾಟಿನ್ ಕೂಡ ಸಿಕ್ಕಿತು.

1998ರಲ್ಲಿ ಈ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂದಾಗ, ಔಷಧ ಬೇಕೆಂದು ರೋಗಿಗಳು ಮುಗಿಬಿದ್ದರು. ಗುಣವಾಗಿರುವುದು ಇಲಿಗಳು ಮಾತ್ರ ಎಂದು ಫೋಕ್‌ಮನ್ ಎಚ್ಚರಿಸಿದರು. ಅವರ ಎಚ್ಚರಿಕೆ ಸರಿಯಾಗಿತ್ತು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಈ ಎರಡು ಪ್ರೋಟೀನುಗಳು ಜನ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಆದರೆ ಅವರ ಮೂಲ ವಿಚಾರ ಸೋಲಲಿಲ್ಲ. ರಕ್ತನಾಳ ಬೆಳೆಸುವ ಸಂಕೇತವನ್ನು ತಡೆಯುವ ಬೆವಾಸಿಝುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದೇ ವಿಚಾರದ ಔಷಧಗಳು ಇಂದು ವೃದ್ಧರ ದೃಷ್ಟಿಯನ್ನೂ ಉಳಿಸುತ್ತಿವೆ.

2008ರ ಜನವರಿ 14ರಂದು, ಸಮ್ಮೇಳನವೊಂದಕ್ಕೆ ಹೊರಟಿದ್ದ ಫೋಕ್‌ಮನ್ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಜನ ನಕ್ಕಾಗ ತೋರಿದ ಸಹನೆಗಿಂತ, ಜನ ಹೊಗಳಿದಾಗ ಅವರು ಉಳಿಸಿಕೊಂಡ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ. ಕ್ಯಾನ್ಸರ್‌ಗೆ ಮದ್ದು ಸಿಕ್ಕಿತೆಂಬ ಸಂದೇಶ ನಮ್ಮ ಮೊಬೈಲಿಗೆ ಬಂದರೆ, ಇನ್ನೊಬ್ಬರಿಗೆ ಕಳಿಸುವ ಮೊದಲು ಒಂದು ಮಾತು ಕೇಳೋಣ: ಗುಣವಾದದ್ದು ಇಲಿಗೋ, ಮನುಷ್ಯನಿಗೋ?