ಕಲಾತಪಸ್ವಿ ಕೆ. ವೆಂಕಟಪ್ಪನವರು

ಸಕಲೇಶಪುರ, ಆಲೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮಂಜು ಹೊಸದಲ್ಲ. ಆಷಾಢದ ಮಳೆ ಹಿಡಿದರೆ ಹೇಮಾವತಿಯ ಕಣಿವೆಯಿಂದ ಮೇಲೆದ್ದ ಮೋಡ ಕಾಫಿ ತೋಟದ ನೆರಳು ಮರಗಳ ನಡುವೆ ನುಸುಳಿ, ಎದುರಿನ ಗುಡ್ಡವನ್ನು ಒಮ್ಮೆ ನುಂಗಿ, ಇನ್ನೊಮ್ಮೆ ಉಗುಳಿ, ದಿನವಿಡೀ ಆಟವಾಡುತ್ತಿರುತ್ತದೆ. ಆದರೆ ನಮಗೆ ಅದನ್ನು ನೋಡಲು ಪುರಸೊತ್ತೆಲ್ಲಿ? ಮಂಜೆಂದರೆ ಹಸಿ ಸೌದೆ, ಕಾಲಿಗೆ ಹತ್ತುವ ಜಿಗಣೆ, ತಡವಾಗಿ ಬರುವ ಬಸ್ಸು. ನಾನು ಮಂಜನ್ನು ಮೊದಲ ಬಾರಿಗೆ ನಿಜವಾಗಿ ನೋಡಿದ್ದು ನಮ್ಮೂರಿನಲ್ಲಲ್ಲ, ಸುಮಾರು ಇನ್ನೂರಿಪ್ಪತ್ತು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ. ಅದೂ ಗೋಡೆಗೆ ತೂಗುಹಾಕಿದ್ದ ಒಂದು ಚಿತ್ರದಲ್ಲಿ. ಚಿತ್ರದಲ್ಲಿದ್ದುದು ನೀಲಗಿರಿಯ ಬೆಟ್ಟ. ಆದರೂ ಅದರ ಮುಂದೆ ನಿಂತಾಗ ನಮ್ಮ ಮನೆಯ ಹಿತ್ತಲಿನಲ್ಲಿ ನಿಂತಂತಾಯಿತು. ಆ ಚಿತ್ರವನ್ನು ಬರೆದವರು ಕೆ. ವೆಂಕಟಪ್ಪನವರು. ಅವರ ಜೀವನವನ್ನು ನನ್ನ ಸಹಪಾಠಿಗಳ ಮುಂದೆ ಸಂಗ್ರಹವಾಗಿ ಇಡುವುದೇ ಈ ಲೇಖನದ ಉದ್ದೇಶ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಅರಮನೆಯ ಆಶ್ರಯದಲ್ಲಿ ದೇವರ ಪಟಗಳನ್ನು ಬರೆದು, ಚಿನ್ನದ ರೇಕು ಅಂಟಿಸಿ, ಗೋಡೆಗಳಿಗೆ ಬಣ್ಣ ತುಂಬಿ ಬದುಕುತ್ತಿದ್ದ ಕುಲಕಸುಬಿನವರು ಆ ಜನ. ಬಣ್ಣ ಅರೆಯುವುದು, ಕುಂಚ ಕಟ್ಟುವುದು, ಗೆರೆ ಎಳೆಯುವುದು ಅಲ್ಲಿನ ಹುಡುಗರಿಗೆ ಅಕ್ಷರಾಭ್ಯಾಸಕ್ಕಿಂತ ಮುಂಚೆಯೇ ಬರುತ್ತಿದ್ದ ವಿದ್ಯೆ. ಆ ಕಾಲಕ್ಕೆ ಅಂತಹ ಮನೆತನದ ಹುಡುಗನ ಮುಂದೆ ಇದ್ದ ದಾರಿ ಒಂದೇ: ತಂದೆ ಮಾಡಿದ್ದನ್ನು ಮಗ ಮಾಡುವುದು. ಆದರೆ ವೆಂಕಟಪ್ಪನವರ ಕೈಯಲ್ಲಿದ್ದ ವಿಶೇಷ ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. ಪ್ರಭುಗಳು ಆ ತರುಣನನ್ನು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿಕೊಟ್ಟರು.

ಅಂದಿನ ಕಲ್ಕತ್ತೆ ಭಾರತೀಯ ಕಲೆಯ ಹೊಸ ಹುಟ್ಟಿನ ತವರು. ಯುರೋಪಿನ ತೈಲಚಿತ್ರಗಳ ಅನುಕರಣೆಯೇ ಕಲೆ ಎಂದು ನಂಬಿದ್ದ ಕಾಲದಲ್ಲಿ ಅವನೀಂದ್ರನಾಥ ಠಾಕೂರರು ಅಜಂತೆಯ ಕಡೆಗೆ, ಮೊಗಲರ ಮತ್ತು ರಜಪೂತರ ಕಿರುಚಿತ್ರಗಳ ಕಡೆಗೆ, ಜಪಾನಿನ ಕಡೆಗೆ ತಮ್ಮ ಶಿಷ್ಯರ ಕಣ್ಣು ತಿರುಗಿಸಿದರು. ಕಾಗದದ ಮೇಲೆ ತೆಳುವಾದ ಬಣ್ಣ ಹಾಕಿ, ನೀರಿನಿಂದ ತೊಳೆದು, ಮತ್ತೆ ಬಣ್ಣ ಹಾಕುವ ವಿಧಾನ ಅಲ್ಲಿ ರೂಢಿಗೆ ಬಂದಿತು. ನಂದಲಾಲ ಬೋಸರು ವೆಂಕಟಪ್ಪನವರ ಜೊತೆಗಾರರು. ಮೈಸೂರಿನಿಂದ ಹೋದ ಈ ಕನ್ನಡಿಗ ಆ ಮಂಡಲಿಯಲ್ಲಿ ಯಾರಿಗೂ ಹಿಂದೆ ಬೀಳಲಿಲ್ಲ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳನ್ನು ಕುರಿತು ಬರೆದು 1913ರಲ್ಲಿ ಹೊರಬಂದ ಪ್ರಸಿದ್ಧ ಗ್ರಂಥದಲ್ಲಿ ರಾಮಾಯಣದ ಪ್ರಸಂಗಗಳಿಗೆ ಇವರ ಚಿತ್ರಗಳಿವೆ. ಭಾರತೀಯ ಕಲೆಯ ಅಂಗಲಕ್ಷಣಗಳನ್ನು ಕುರಿತು ಅವನೀಂದ್ರರು ಬರೆದ ಪುಸ್ತಕಕ್ಕೂ ನಂದಲಾಲರೊಡನೆ ವೆಂಕಟಪ್ಪನವರು ರೇಖಾಚಿತ್ರಗಳನ್ನು ರಚಿಸಿಕೊಟ್ಟರು. ಅವರ ಅರ್ಧನಾರೀಶ್ವರ ಚಿತ್ರವನ್ನು ನೋಡಿದವರಿಗೆ ಗೆರೆಯ ಮೇಲೆ ಅವರಿಗಿದ್ದ ಹಿಡಿತ ತಿಳಿಯದೆ ಇರದು.

ಕಲ್ಕತ್ತೆಯಲ್ಲಿಯೇ ನೆಲೆಸಿದ್ದರೆ ವೆಂಕಟಪ್ಪನವರ ಹೆಸರು ಇನ್ನೂ ದೂರ ಹಬ್ಬುತ್ತಿತ್ತೆಂದು ಹೇಳುವವರುಂಟು. ಆದರೆ ಅವರು ತಮ್ಮನ್ನು ಕಳುಹಿಸಿದ ನಾಡಿಗೆ ಹಿಂದಿರುಗಿದರು. ಹಿಂದಿರುಗಿದ ಮೇಲೆ ಗುರುಗಳ ಹಾದಿಯಲ್ಲಿಯೇ ನಡೆಯಲೂ ಇಲ್ಲ. ಕನಸಿನ ಮಬ್ಬಿನಲ್ಲಿ ಪುರಾಣದ ಪಾತ್ರಗಳನ್ನು ಬರೆಯುವುದನ್ನು ಬಿಟ್ಟು, ಕಣ್ಣೆದುರಿನ ಪ್ರಕೃತಿಯನ್ನು ಅದು ಇದ್ದಂತೆಯೇ ಹಿಡಿಯುವ ಹಟ ತೊಟ್ಟರು.

ಈ ನಡುವೆ ಅವರನ್ನು ಇನ್ನೊಂದು ಹಂಬಲ ಹಿಡಿಯಿತು. ಅದು ವೀಣೆ. ಮೈಸೂರು ಆಗ ವೈಣಿಕರ ಊರು. ವೈಣಿಕ ಶಿಖಾಮಣಿ ಶೇಷಣ್ಣನವರು ಅದರ ಕಿರೀಟ. ವೆಂಕಟಪ್ಪನವರು ಶೇಷಣ್ಣನವರಲ್ಲಿ ಶಿಷ್ಯವೃತ್ತಿ ಮಾಡಿ ವೀಣೆಯನ್ನು ಅಭ್ಯಾಸ ಮಾಡಿದರು. ಹಗಲಿನಲ್ಲಿ ಕುಂಚ ಹಿಡಿದ ಬೆರಳು ಉಳಿದ ಹೊತ್ತಿನಲ್ಲಿ ತಂತಿಯ ಮೇಲೆ ಓಡಿತು. ಎರಡು ಕಲೆಗಳೂ ಪೂರ್ಣ ಮನಸ್ಸನ್ನು ಬೇಡುವಂತಹವು. ಎರಡಕ್ಕೂ ಒಬ್ಬನೇ ಮನುಷ್ಯ. ಈ ಎಳೆದಾಟವನ್ನು ಅವರು ಮುಚ್ಚಿಡಲಿಲ್ಲ. 1926ರಲ್ಲಿ ವೀಣೆಯ ಹುಚ್ಚನ್ನೇ ವಸ್ತುವಾಗಿಟ್ಟುಕೊಂಡು ಒಂದು ಚಿತ್ರ ಬರೆದರು. ತನ್ನನ್ನು ತಾನೇ ಹೊರಗಿನಿಂದ ನೋಡಿ ಚಿತ್ರಿಸಿಕೊಳ್ಳುವ ಇಂತಹ ಧೈರ್ಯ ಸಾಮಾನ್ಯವಲ್ಲ.

ಅವರ ಕೀರ್ತಿಗೆ ಮುಖ್ಯ ಆಧಾರವಾದ ನಿಸರ್ಗಚಿತ್ರಗಳು 1920 ಮತ್ತು 1930ರ ದಶಕಗಳಲ್ಲಿ ಉದಕಮಂಡಲ ಹಾಗೂ ಕೊಡೈಕಾನಲ್ ಬೆಟ್ಟಗಳಲ್ಲಿ ಹುಟ್ಟಿದವು. ಜಲವರ್ಣದಲ್ಲಿ ತಪ್ಪಿಗೆ ಕ್ಷಮೆಯಿಲ್ಲ. ತೈಲವರ್ಣದಲ್ಲಾದರೆ ಕೆಟ್ಟದ್ದರ ಮೇಲೆ ಮತ್ತೊಂದು ಲೇಪ ಹಾಕಬಹುದು; ನೀರಿನ ಬಣ್ಣದಲ್ಲಿ ಬಿಳಿ ಬೇಕೆಂದರೆ ಕಾಗದವನ್ನೇ ಬಿಡಬೇಕು. ಮಂಜನ್ನು ಬರೆಯುವುದೆಂದರೆ ಬರೆಯದೆ ಬಿಡುವ ಜಾಗವನ್ನು ಮೊದಲೇ ನಿಶ್ಚಯಿಸುವುದು. ವೆಂಕಟಪ್ಪನವರ ಚಿತ್ರಗಳಲ್ಲಿ ಹತ್ತಿರದ ಮರದ ಎಲೆಎಲೆಯೂ ಕಿರುಚಿತ್ರದ ಸೂಕ್ಷ್ಮತೆಯಿಂದ ಬಂದಿದೆ. ಅದರ ಹಿಂದೆ ಬೆಟ್ಟ ಕರಗುತ್ತಾ ಹೋಗಿ, ಎಲ್ಲಿ ನೆಲ ಮುಗಿಯಿತು, ಎಲ್ಲಿ ಮುಗಿಲು ಮೊದಲಾಯಿತು ಎಂಬುದೇ ತಿಳಿಯದಂತಾಗುತ್ತದೆ. ಬೆಳಗಿನ ಬೆಳಕು, ಮಳೆ ಬಿಟ್ಟ ಹೊತ್ತು, ಬೆಳದಿಂಗಳು, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣದ ಲೆಕ್ಕ. ಚಿತ್ರಗಳ ಅಳತೆ ದೊಡ್ಡದಲ್ಲ. ಅವುಗಳಲ್ಲಿ ಅಡಗಿರುವ ತಾಳ್ಮೆಗೆ ಅಳತೆಯಿಲ್ಲ.

ಚಿತ್ರದಂತೆಯೇ ಶಿಲ್ಪದಲ್ಲಿಯೂ ಅವರ ಕೈ ಆಡಿತು. ಗಾರೆಯಂತಹ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ರೂಪಿಸಿ, ಶಕುಂತಲೆಯನ್ನು ಬೀಳ್ಕೊಡುವ ದೃಶ್ಯವನ್ನೂ ಶಿವನ ತಾಂಡವವನ್ನೂ ಮೂಡಿಸಿದರು. ಮೈಸೂರು ಅರಮನೆಗಾಗಿಯೂ ಇಂತಹ ಕೆಲಸದಲ್ಲಿ ತೊಡಗಿದ್ದರು. ಆದರೆ 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಕಲಾವಿದನನ್ನು ಬಲ್ಲ ದೊರೆ ಹೋದ ಮೇಲೆ ಕಲಾವಿದನ ಸ್ಥಿತಿ ಏನಾಗುತ್ತದೆಂಬುದಕ್ಕೆ ವೆಂಕಟಪ್ಪನವರ ಬದುಕೇ ಉದಾಹರಣೆ. ಕೆಲಸ ನಿಂತಿತು. ಅರಮನೆಯೊಡನೆ ವ್ಯಾಜ್ಯ ಬೆಳೆಯಿತು. ಅಭಿಮಾನಿಯಾದ ವೆಂಕಟಪ್ಪನವರು ತಲೆಬಾಗದೆ ನ್ಯಾಯಾಲಯದ ಮೆಟ್ಟಿಲನ್ನೇರಿದರು. ತಲೆಮಾರುಗಳಿಂದ ಅರಮನೆಯ ಅನ್ನ ಉಂಡ ಮನೆತನದವರೊಬ್ಬರು ತಮ್ಮ ಶ್ರಮಕ್ಕೆ ಸಲ್ಲಬೇಕಾದುದನ್ನು ಹಕ್ಕೆಂದು ಕೇಳಿದ್ದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಅನಂತರ ಅವರು ಮೈಸೂರನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದರು.

ಬೆಂಗಳೂರಿನ ಅವರ ಬಾಳು ಒಂಟಿ ಬಾಳು. ಅವರು ಮದುವೆಯಾಗಲಿಲ್ಲ. ಶಿಸ್ತಿನ ಜೀವನ, ಮಿತವಾದ ಮಾತು, ದಿನಚರಿಯಲ್ಲಿ ಸಣ್ಣಪುಟ್ಟ ವಿವರವನ್ನೂ ಬರೆದಿಡುವ ಅಭ್ಯಾಸ. ಚಿತ್ರಗಳನ್ನು ಮಾರಿ ಹಣ ಮಾಡುವ ಆಸೆ ಅವರಿಗಿರಲಿಲ್ಲ. ತಮ್ಮ ಕೃತಿಗಳನ್ನು ಕೈಬಿಡಲು ಅವರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಇದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ? ಅವರು ಬಾಗಿಲು ಬಿಗಿಮಾಡಿದುದರಿಂದ ಅವರ ಜೀವಿತಕಾಲದ ಜನಸಾಮಾನ್ಯರಿಗೆ ಆ ಚಿತ್ರಗಳು ಬಹುಮಟ್ಟಿಗೆ ಕಾಣದೆ ಹೋದವು. ಒಂದು ತಲೆಮಾರಿನ ತರುಣರು ನೋಡಿ ಕಲಿಯಬಹುದಾಗಿದ್ದುದು ಕಲಿಯದೆ ಉಳಿಯಿತು. ಇದು ನಷ್ಟವೇ ಸರಿ. ಆದರೆ ಚೂರುಚೂರಾಗಿ ಮಾರಿಹೋಗಿದ್ದರೆ ಅವು ಶ್ರೀಮಂತರ ದಿವಾನಖಾನೆಗಳಲ್ಲಿ ಹಂಚಿಹೋಗಿ, ಇಂದು ನಾವು ನೀವು ನೋಡುವ ಮಾತೇ ಇರುತ್ತಿರಲಿಲ್ಲ. 1965ರಲ್ಲಿ ವೆಂಕಟಪ್ಪನವರು ಕಾಲವಾದರು. ಅವರ ಏಕಾಂತದ ಸಂಪತ್ತು ಸಾರ್ವಜನಿಕರ ಸಂಪತ್ತಾಗುವ ಕಥೆ ಅಲ್ಲಿಂದ ಮೊದಲಾಗುತ್ತದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಇಂದಿನ ಕಸ್ತೂರಬಾ ರಸ್ತೆಯಲ್ಲಿ, ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. 1865ರಲ್ಲಿ ಸ್ಥಾಪಿತವಾಗಿ 1877ರಲ್ಲಿ ಈ ಕಟ್ಟಡಕ್ಕೆ ಬಂದ ಈ ಸಂಸ್ಥೆಯಲ್ಲಿ ನಮ್ಮ ಹಳೇಬೀಡಿನ ಶಿಲ್ಪಗಳೂ ಇವೆ. ಅದರ ಪಕ್ಕದಲ್ಲಿಯೇ ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಗೆ 1967ರಲ್ಲಿ ಶಂಕುಸ್ಥಾಪನೆಯಾಯಿತು. ಕಟ್ಟಡ ಏಳಲು ವರ್ಷಗಳೇ ಹಿಡಿದವು. ಕಲಾವಿದರು ಒತ್ತಾಯಿಸುತ್ತಲೇ ಬಂದರು. ಕಡೆಗೆ 1970ರ ದಶಕದ ನಡುಭಾಗದಲ್ಲಿ ಬಾಗಿಲು ತೆರೆಯಿತು.

ಈ ಸ್ಥಳದ ಆಯ್ಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು ಮಗ್ಗುಲಿನಲ್ಲಿ ಉಚ್ಚ ನ್ಯಾಯಾಲಯ, ಇನ್ನೊಂದು ಮಗ್ಗುಲಿನಲ್ಲಿ ಪೇಟೆ, ನಡುವೆ ಉದ್ಯಾನ. ಮೊಕದ್ದಮೆಗೆಂದು ಹಳ್ಳಿಯಿಂದ ಬಂದವನು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದವನು, ಮಳೆಗೆ ಹೆದರಿ ಒಳಗೆ ನುಗ್ಗಿದವನು, ಎಲ್ಲರೂ ಚಿತ್ರ ನೋಡಬಹುದು. ಕಲೆ ಊರ ನಡುವೆ ಇದ್ದರೆ ಹೀಗಾಗುತ್ತದೆ; ಹುಡುಕಿಕೊಂಡು ಬಾರದವನಿಗೂ ಅದು ಸಿಗುತ್ತದೆ. ಇದೇ ಕಾಲದಲ್ಲಿ ಪ್ರದರ್ಶನ ಕಲೆಗಳೂ ನಗರದ ನಡುವಿಗೆ ಬಂದವು. ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. 1972ರಲ್ಲಿ ಬಿ. ವಿ. ಕಾರಂತರು ಅದರ ಹಿಂದಿನ ಬಯಲಿನಲ್ಲಿಯೇ ನಾಟಕಗಳನ್ನಾಡಿಸಿ, ರಂಗಭೂಮಿಗೆ ಚಾವಣಿ ಕಡ್ಡಾಯವಲ್ಲವೆಂದು ತೋರಿಸಿದರು.

ತೆರೆದ ಬಾಗಿಲು ತಾನಾಗಿಯೇ ತೆರೆದಿರುವುದಿಲ್ಲ ಎಂಬುದಕ್ಕೂ ಈ ಚಿತ್ರಶಾಲೆಯೇ ಸಾಕ್ಷಿ. ಇದನ್ನು ಖಾಸಗಿ ಪ್ರತಿಷ್ಠಾನವೊಂದರ ಪೋಷಣೆಗೆ ಒಪ್ಪಿಸುವ ಒಪ್ಪಂದವಾದಾಗ, 2016ರಲ್ಲಿ ಕಲಾವಿದರು ಒಟ್ಟುಗೂಡಿ ಪ್ರತಿಭಟಿಸಿದರು. ಘೋಷಣೆಗಳಿಗೆ ಮಾತ್ರ ನಿಲ್ಲದೆ, ಚಿತ್ರ ಬರೆದು, ಹಾಡಿ, ಅಭಿನಯಿಸಿ ತಮ್ಮ ಮಾತು ಹೇಳಿದರು. ಪೋಷಕರ ಹಣವಿದ್ದರೆ ಕಟ್ಟಡ ಅಂದವಾಗಬಹುದೆಂಬ ವಾದವೂ ಅಲ್ಲಗಳೆಯತಕ್ಕದ್ದಲ್ಲ. ಸೋರುವ ಚಾವಣಿಯ ಕೆಳಗೆ ಜಲವರ್ಣ ಉಳಿಯದು. ಆದರೆ ಹೆಸರಿಲ್ಲದ ಹೊಸ ಕಲಾವಿದನಿಗೂ ಸಿಗುತ್ತಿದ್ದ ಗೋಡೆ ಕೈತಪ್ಪಿದರೆ ಆತ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ಆ ಒಪ್ಪಂದ ಮುಂದುವರಿಯಲಿಲ್ಲ. ಒಡೆಯನ ಆಶ್ರಯ ತಪ್ಪಿದಾಗ ನೊಂದ ಕಲಾವಿದನ ಹೆಸರಿನ ಮನೆಯಲ್ಲಿಯೇ, ಆಶ್ರಯ ಯಾರದಾಗಿರಬೇಕೆಂಬ ಚರ್ಚೆ ಮತ್ತೆ ಎದ್ದದ್ದು ವಿಚಿತ್ರವಾದರೂ ಯೋಗ್ಯವೇ ಆಗಿದೆ.

ಹಾಸನ ಜಿಲ್ಲೆಯ ನಮಗೆ ಊರ ನಡುವಿನ ಕಲೆ ಹೊಸ ವಿಚಾರವಲ್ಲ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ದೇವಾಲಯ ಪೇಟೆಯ ನಡುವೆಯೇ ಇದೆ. ಅದರ ಹೊರಗೋಡೆಯೇ ಚಿತ್ರಶಾಲೆ. ನವರಂಗದ ನಡುವಿನ ದುಂಡು ಕಲ್ಲೇ ನೃತ್ಯರಂಗ. ಬಳ್ಳಿಗಾವೆಯಿಂದ ಬಂದ ದಾಸೋಜ, ಚಾವಣರಂತಹ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದು, ಇದು ನಮ್ಮ ಕೆಲಸವೆಂದು ಊರಿಗೆಲ್ಲ ಸಾರಿ ಹೋದರು. ಎಂಟು ಒಂಬತ್ತು ಶತಮಾನಗಳ ಹಿಂದೆ ಸಂತೆಗೆ ಬಂದ ರೈತನಿಗೆ ದೊರೆತ ಭಾಗ್ಯ ಇಂದು ನಮ್ಮ ಮಲೆನಾಡಿನ ಸಣ್ಣ ಊರಿನ ಹುಡುಗನಿಗೆ ಏಕೆ ದೊರೆಯಬಾರದು? ನಮ್ಮಲ್ಲಿ ಚಿತ್ರ ಬರೆಯುವ ಕೈಗಳಿಗೆ ಕೊರತೆಯಿಲ್ಲ. ಬರೆದುದನ್ನು ನಾಲ್ಕು ಜನ ನೋಡಲು ಒಂದು ಗೋಡೆಗೆ ಕೊರತೆ. ಜಾತ್ರೆಯ ದಿನ ಪೇಟೆಬೀದಿಯಲ್ಲಿ ಒಂದು ಕೋಣೆ, ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಎಲ್ಲರಿಗೂ ತೆರೆದ ಒಂದು ಹಜಾರ, ಇಷ್ಟರಿಂದಲಾದರೂ ಆರಂಭಿಸಬಹುದು. ಇದಕ್ಕೆ ದೊರೆಗಳೂ ಬೇಡ, ಕೋಟಿಗಳೂ ಬೇಡ.

ವೆಂಕಟಪ್ಪನವರು ನಮ್ಮ ಬೆಟ್ಟಗಳನ್ನು ಬರೆದರೋ ಇಲ್ಲವೋ ನಾನರಿಯೆ. ಅವರು ಬರೆದ ಬೆಟ್ಟವನ್ನು ನೋಡಿದ ಮೇಲೆ ನಮ್ಮ ಬೆಟ್ಟಗಳು ನನಗೆ ಕಾಣತೊಡಗಿದುದು ಮಾತ್ರ ನಿಜ. ಆ ಪ್ರವಾಸ ಮುಗಿಸಿ ಹಿಂದಿರುಗುವಾಗ ಆಲೂರು ದಾಟುತ್ತಲೇ ಮಳೆ ಹಿಡಿಯಿತು. ಕಿಟಕಿಯ ಪರದೆ ಎಳೆಯಿರೆಂದು ಹಿಂದಿನಿಂದ ಯಾರೋ ಕೂಗಿದರು. ನಾನು ಸ್ವಲ್ಪ ಹೊತ್ತು ಎಳೆಯಲಿಲ್ಲ. ಎದುರಿನ ಗುಡ್ಡ ಕರಗುತ್ತಾ ಇತ್ತು. ಕಾಗದದ ಬಿಳಿಯನ್ನು ಎಲ್ಲಿ ಬಿಡಬೇಕೆಂದು ಲೆಕ್ಕ ಹಾಕುತ್ತಾ ಅಂಗಿಯ ತೋಳು ನೆನೆಯುವವರೆಗೂ ನೋಡುತ್ತಾ ಕುಳಿತಿದ್ದೆ.