ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ವಿಶಾಲವಾದ ಆ ಜಿಲ್ಲೆಯು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನಾಡಿಗಿತ್ತಿತು. ಅಣೆಕಟ್ಟುಗಳನ್ನು ಕಟ್ಟಿದ ಅವರನ್ನು ಅರಿಯದವರಿಲ್ಲ. ಅದೇ ಜಿಲ್ಲೆಯ ದೇವರಾಯಸಮುದ್ರದಲ್ಲಿ 1897ರಲ್ಲಿ ಜನಿಸಿದ ಮತ್ತೊಬ್ಬರು ಮನುಷ್ಯರ ದೇಹಗಳನ್ನು ಕಟ್ಟಿದರು. ಅವರೇ ಪ್ರೊಫೆಸರ್ ಕೆ. ವಿ. ಅಯ್ಯರ್.

ಅಂಗಸಾಧನೆ ನಮ್ಮ ನಾಡಿಗೆ ಹೊಸದಲ್ಲ. ಕೆಮ್ಮಣ್ಣಿನ ಗರಡಿಮನೆಗಳಲ್ಲಿ ಉಸ್ತಾದನ ಕಣ್ಣೆದುರಿಗೆ ಹುಡುಗರು ದಂಡ, ಬಸ್ಕಿಗಳನ್ನು ಹೊಡೆಯುತ್ತಿದ್ದರು. ಅಲ್ಲಿ ಅಳತೆಯ ಪಟ್ಟಿಗೆ ಕೆಲಸವಿರಲಿಲ್ಲ. ಉಸ್ತಾದನ ಕಣ್ಣೇ ಅಳತೆಗೋಲು. ಆದರೆ ಯೂರೋಪಿನಲ್ಲಿ ಯೂಜೆನ್ ಸ್ಯಾಂಡೋ ಮೊದಲಾದವರು ಎದೆ, ತೋಳು, ತೊಡೆಗಳನ್ನು ಅಳೆದು, ಸಾಧನೆಯನ್ನು ಅಂಕಿಗಳಲ್ಲಿ ಬರೆದಿಡುವ ಪದ್ಧತಿಯನ್ನು ಬಳಕೆಗೆ ತಂದಿದ್ದರು. ಅಯ್ಯರ್ ಅವರು ಈ ಹೊಸ ವಿದ್ಯೆಯನ್ನು ಕಲಿತರು, ಹಳೆಯದನ್ನೂ ಬಿಡಲಿಲ್ಲ. ಬೆಂಗಳೂರಿನ ಅವರ ವ್ಯಾಯಾಮಶಾಲೆಯಲ್ಲಿ ಭಾರದ ಗುಂಡುಗಳೊಡನೆ ಸೂರ್ಯನಮಸ್ಕಾರಕ್ಕೂ ಯೋಗಾಸನಗಳಿಗೂ ಸಮಾನ ಸ್ಥಾನ ದೊರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವೂ ಅವರಿಗೆ ಲಭಿಸಿತು.

ದೂರದೂರಿನವರಿಗೆ ಅವರು ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದರು. ಕಾಣದ ಶಿಷ್ಯನಿಗೆ ಕಲಿಸುವ ಇಂತಹ ಶಿಕ್ಷಣದಲ್ಲಿ ಅಳತೆಯ ಪಟ್ಟಿಯೇ ಗುರುವಿನ ಕಣ್ಣು. ಅಳೆಯಬೇಕಾದ ಅಂಗಗಳಲ್ಲಿ ಮಣಿಕಟ್ಟಿಗೆ ಒಂದು ವಿಶೇಷವಿದೆ. ಅಲ್ಲಿ ಮಾಂಸವೂ ಕೊಬ್ಬೂ ಅತ್ಯಲ್ಪ. ಆದುದರಿಂದ ಪಟ್ಟಿಗೆ ಸಿಕ್ಕುವುದು ಬಹುಮಟ್ಟಿಗೆ ಮೂಳೆಯೇ. ಒಂದು ಕೈಯ ಹೆಬ್ಬೆರಳು ಮತ್ತು ನಡುಬೆರಳುಗಳಿಂದ ಮತ್ತೊಂದು ಮಣಿಕಟ್ಟನ್ನು ಬಳಸಿ ಹಿಡಿದಾಗ ಬೆರಳುಗಳು ಒಂದರ ಮೇಲೊಂದು ಬಂದರೆ ಸಣ್ಣ ಕಟ್ಟು, ತುದಿಗಳು ತಾಗಿದರೆ ನಡುತರ, ನಡುವೆ ತೆರಪು ಉಳಿದರೆ ದೊಡ್ಡದು. ಇದು ಸ್ಥೂಲವಾದ ಲೆಕ್ಕ. ಇನ್ನೂ ಸ್ವಲ್ಪ ಖಚಿತವಾಗಬೇಕಾದರೆ ಎತ್ತರವನ್ನು ಮಣಿಕಟ್ಟಿನ ಸುತ್ತಳತೆಯಿಂದ ಭಾಗಿಸಬೇಕು. 165 ಸೆಂಟಿಮೀಟರ್ ಎತ್ತರದ ಗಂಡಸಿನ ಮಣಿಕಟ್ಟು 16.5 ಸೆಂಟಿಮೀಟರ್ ಇದ್ದರೆ ಭಾಗಲಬ್ಧ 10. ಗಂಡಸರಲ್ಲಿ ಇದು 9.6ರಿಂದ 10.4ರವರೆಗೆ ಇದ್ದರೆ ನಡುತರದ ಕಟ್ಟು. ಹೆಚ್ಚಿದ್ದರೆ ಸಣ್ಣದು, ಕಡಿಮೆಯಿದ್ದರೆ ದೊಡ್ಡದು. ಹೆಂಗಸರಿಗೆ ಈ ಮಿತಿಗಳು 10.1 ಮತ್ತು 11. ಬೆಳೆಯುವ ವಯಸ್ಸಿನ ಬಾಲಕ ಬಾಲಕಿಯರಿಗೆ ಈ ಲೆಕ್ಕ ಸಲ್ಲದು; ಅವರ ಮೂಳೆಗಳು ಇನ್ನೂ ಬಲಿಯಬೇಕಾಗಿದೆ.

ಎಷ್ಟು ಸಾಮು ಮಾಡಿದರೂ ಬೆಳೆದವರ ಮಣಿಕಟ್ಟು ಹೇಳಿಕೊಳ್ಳುವಷ್ಟು ದಪ್ಪವಾಗದು. ಸಣ್ಣ ಕಟ್ಟಿನವನು ದೊಡ್ಡ ಕಟ್ಟಿನವನ ತೋಳನ್ನು ಕಂಡು ಕೊರಗಿದರೆ ಅದು ಎಂದಿಗೂ ತೀರದ ಕೊರಗು. ಅಯ್ಯರ್ ಅವರ ಆದರ್ಶವು ಇಲ್ಲಿ ನೆರವಿಗೆ ಬರುತ್ತದೆ. ಅವರು ಮೆಚ್ಚಿದ್ದು ಗಾತ್ರವನ್ನಲ್ಲ, ಅಂಗಾಂಗಗಳ ಹೊಂದಾಣಿಕೆಯನ್ನು; ಗ್ರೀಕರ ಶಿಲಾಪ್ರತಿಮೆಗಳಲ್ಲಿ ಕಾಣುವ ಸಮತೂಕವನ್ನು. ಎಲುಬಿನ ಹಂದರ ಹುಟ್ಟಿನಿಂದ ಬಂದದ್ದಾದರೂ ಅದರ ಮೇಲಿನ ಸ್ನಾಯುಗಳ ಮಾಟ ಅಭ್ಯಾಸಕ್ಕೆ ಸೇರಿದ್ದು.

1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕಗಳು ಪ್ರಕಟವಾದವು. ಅವರ ಭಾವಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿ ಅಚ್ಚಾದವು. ತಮ್ಮ ದೇಹದ ಅಂದವನ್ನು ತಾವೇ ಹೊಗಳಿಕೊಂಡು ಬರೆಯಲು ಅವರು ಸಂಕೋಚಪಡಲಿಲ್ಲ. ಇದು ಆತ್ಮಪ್ರಶಂಸೆಯೆಂದು ಕೆಲವರಿಗೆ ತೋರಬಹುದು. ಆದರೆ ಭಾರತೀಯರು ದುರ್ಬಲರೆಂದು ಆಳುವವರು ಸಾರುತ್ತಿದ್ದ ಕಾಲವದು ಎಂಬುದನ್ನು ಮರೆಯಲಾಗದು.

ಇಂತಹ ಕಟ್ಟಾಳು ಕಾದಂಬರಿಕಾರರೂ ಆಗಿದ್ದುದು ವಿಸ್ಮಯದ ಸಂಗತಿ. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತ ಗೆಳೆಯರಾಗಿದ್ದ ಅಯ್ಯರ್, ಹೊಯ್ಸಳ ರಾಣಿಯನ್ನು ಕುರಿತು ‘ಶಾಂತಲಾ’ ಎಂಬ ಕಾದಂಬರಿಯನ್ನು ರಚಿಸಿದರು. ‘ರೂಪದರ್ಶಿ’ಯ ಕಥೆ ಇಟಲಿಯದು. ಬಾಲಯೇಸುವಿನ ಚಿತ್ರಕ್ಕೆ ಕಲಾವಿದನೊಬ್ಬ ಮುದ್ದಾದ ಬಾಲಕನೊಬ್ಬನನ್ನು ಆರಿಸುತ್ತಾನೆ. ಬಹುಕಾಲದ ಮೇಲೆ, ಯೇಸುವಿಗೆ ದ್ರೋಹ ಬಗೆದ ಜೂದಾಸನ ಚಿತ್ರಕ್ಕಾಗಿ ವಿಕಾರವಾದ ಮುಖವನ್ನು ಅರಸಿ ಹೊರಟು ಒಬ್ಬನನ್ನು ಕಂಡುಕೊಳ್ಳುತ್ತಾನೆ. ಅವನು ಆ ಹಿಂದಿನ ಬಾಲಕನೇ ಆಗಿರುತ್ತಾನೆ. ದೇಹವನ್ನು ಜೀವಮಾನವೆಲ್ಲ ಅಳೆದವರು ಬರೆದ ಈ ಕಥೆಯಲ್ಲಿ ಅಳತೆಯ ಪಟ್ಟಿಗೆ ನಿಲುಕದ್ದೊಂದು ಇದೆ.

ಅಯ್ಯರ್ ಅವರು 1980ರಲ್ಲಿ ನಿಧನರಾದರು.